ಸೂಟೆಯ ಬೆಳಕಿಗೆ ಮೀಟರ್ ಹಿಡಿದದ್ದು

ಯಕ್ಷಗಾನದ ಆಟದ ಫೋಟೋ ತೆಗೆಯುವವನಿಗೆ ಬೆಳಕು ಅಳೆಯುವ ಕೈಮೀಟರ್ ಯಾಕೆ ಎಂದು ಕೇಳದವರಿಲ್ಲ. ಬದಿಯಡ್ಕದಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಭಾವನಂತೂ ಮದುವೆಮನೆಯ ಪಂಕ್ತಿಯಲ್ಲಿ ಕೂತು, "11,000 ಕೊಟ್ಟು ಅಜ್ಜನ ಕಾಲದ ಸಾಮಾನು ತಂದಿರಾ ಭಾವ? ಕ್ಯಾಮೆರಾದ ಬೆನ್ನಿಗೇ ಪರದೆ ಇದೆಯಲ್ಲ" ಎಂದು ನಾಲ್ಕು ಜನರಿಗೆ ಕೇಳಿಸುವ ಹಾಗೆ ನಕ್ಕರು. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ. ಈಗ ನಗುವ ಸರದಿ ನನ್ನದು.

ಮೊದಲಿನ ಎರಡು ತಿರುಗಾಟಗಳಲ್ಲಿ ನಾನು ಕ್ಯಾಮೆರಾವನ್ನೇ ನಂಬಿದ್ದೆ. ಬಯಲಾಟದಲ್ಲಿ ರಂಗಸ್ಥಳದ ಸುತ್ತ ಕಗ್ಗತ್ತಲೆ. ಅದನ್ನು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ಎಣಿಸಿ ಮುಖವನ್ನು ಸುಟ್ಟು ಹಾಕುತ್ತದೆ. ಒಂದೇ ಚುಕ್ಕೆಯ ಬೆಳಕು ಅಳೆಯುವ ಸ್ಪಾಟ್‌ಗೆ ಬದಲಾಯಿಸಿದರೆ ಕಿರೀಟದ ಮಿಂಚು ಸಿಕ್ಕಿ ಮುಖ ಮಸಿಯಾಗುತ್ತದೆ. ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷದವರೊಬ್ಬರು ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳಾಗಿ ಎಬ್ಬಿಸಿ ಚಿಟ್ಟಿ ಇಟ್ಟಿದ್ದರು. ನನ್ನ ಫೋಟೋದಲ್ಲಿ ಅದು ಸುಣ್ಣ ಬಳಿದ ಗೋಡೆ. ಅವರು ನೋಡಿ ಏನೂ ಹೇಳಲಿಲ್ಲ, ಮೊಬೈಲ್ ಹಿಂದೆ ಕೊಟ್ಟರು. ಆ ವರ್ಷ ಸುಮಾರು 1,400 ಚಿತ್ರಗಳಲ್ಲಿ ಮುಖ ಎತ್ತಿ ತೋರಿಸುವಂಥವು 90 ಇದ್ದಾವೋ ಏನೋ.

ಮೊದಲು ತಂದದ್ದು ಮಂಗಳೂರಿನ ಹಳೆಯ ಸಾಮಾನಿನ ಅಂಗಡಿಯಿಂದ, ಒಂದು ಸೆಲೆನಿಯಂ ಮೀಟರ್. 1,200 ರೂಪಾಯಿ, ಬ್ಯಾಟರಿಯೂ ಬೇಡ ಎಂದು ಹಿಗ್ಗಿದೆ. ನಡುಹಗಲಿನಲ್ಲೇ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ಕಡಿಮೆ ತೋರಿಸಿತು, ರಾತ್ರಿ ಮುಳ್ಳು ಅಲುಗಲೇ ಇಲ್ಲ. ಸೆಲೆನಿಯಂ ಹಳೆಯದಾದರೆ ಸಾಯುತ್ತದೆ, ಹೊಸದಿದ್ದರೂ ಮಂದ ಬೆಳಕಿಗೆ ಆಗದು. ತಿಳಿದಿದ್ದೂ ಕೊಂಡೆ. ಆಮೇಲೆ ಯಾರೋ ಬಳಸಿಟ್ಟ ಸೆಕೋನಿಕ್ ಎಲ್-308 ಮೀಟರ್ ಸಿಕ್ಕಿತು. ಡಿಸೆಂಬರಿನ ಮಧ್ಯಾಹ್ನ, ಅಡಿಕೆ ಹರವಿದ ಅಂಗಳದಲ್ಲಿ ನಿಂತು ಅದರ ಬಿಳಿ ಗುಮ್ಮಟವನ್ನು ಬಿಸಿಲಿಗೆ ಹಿಡಿದೆ. ತೋರಬೇಕಾದದ್ದು ಇವಿ (ಸ್ಟಾಪಿಗೊಂದರಂತೆ ಏರುವ ಬೆಳಕಿನ ಅಂಕಿ) 15, ತೋರಿಸಿದ್ದು 14.8. ಅಲ್ಲಿಗೆ ಅದರ ಜಾತಕ ನೋಡಿ ಮುಗಿಯಿತು.

ಈಗ ಮಾಡುವುದಿಷ್ಟು. ಪೂರ್ವರಂಗ ಶುರುವಾಗುವ ಮೊದಲು, ದೀಪಗಳೆಲ್ಲ ಉರಿದ ಮೇಲೆ, ಸಂಘಟಕರಲ್ಲಿ ಕೇಳಿ ಬರಿಗಾಲಲ್ಲಿ ರಂಗಸ್ಥಳಕ್ಕೆ ಹೋಗುತ್ತೇನೆ. ವೇಷದ ಮುಖ ಬರುವ ಎತ್ತರಕ್ಕೆ ಮೀಟರ್ ಎತ್ತಿ, ಗುಮ್ಮಟವನ್ನು ದೀಪದ ಕಡೆಗಲ್ಲ, ನಾನು ಕೂರುವ ಜಾಗದ ಕಡೆಗೆ ತಿರುಗಿಸುತ್ತೇನೆ. ನಾಲ್ಕು ಕಡೆ ಅಳೆದರೆ ಸಾಕು. ಕಳೆದ ಜನವರಿಯ ಒಂದು ಆಟದಲ್ಲಿ ರಂಗಸ್ಥಳದ ರಥ ಎಂಬ ಆಸನದ ಎದುರು 7, ನಡುವೆ ಏಳೂವರೆ, ದೀಪದ ಕಂಬಕ್ಕೆ ಹತ್ತಿರದ ಎಡಮೂಲೆಯಲ್ಲಿ 9. ಆ ಮೂಲೆಗೆ ಕಂಬ ಎಂಟು ಅಡಿ, ರಥಕ್ಕೆ ಹದಿನಾರು. ದೂರ ಇಮ್ಮಡಿಯಾಗಿ ಎರಡು ಸ್ಟಾಪ್ ಹೋದದ್ದು ಅಲ್ಲಿಯೇ. ಬಾಲ್‌ಪೆನ್ನಿನಲ್ಲಿ ಎಡಗೈ ಮಣಿಕಟ್ಟಿನ ಮೇಲೆ ಬರೆದುಕೊಂಡು, ಮ್ಯಾನುವಲ್‌ಗೆ ಹಾಕಿದರೆ ಬೆಳಗಿನವರೆಗೆ ಪರದೆ ನೋಡುವ ಕೆಲಸವಿಲ್ಲ. ವೇಷ ಮೂಲೆಗೆ ಹೋದರೆ ಹೆಬ್ಬೆರಳು ಆರು ಕ್ಲಿಕ್ ತಿರುಗುತ್ತದೆ, ಅಷ್ಟೇ.

ಅಗ್ಗದ ಎಲ್‌ಇಡಿ ದೀಪಗಳ ಕಾಟ ಬೇರೆ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಷಟರ್ ವೇಗ ಸೆಕೆಂಡಿನ 1/250ಕ್ಕೆ ಹೋದರೆ ಚಿತ್ರದಲ್ಲಿ ಕಪ್ಪು ಪಟ್ಟೆ. ಹಾಗಾಗಿ ರಥದ ಎದುರು 1/100, ಎಫ್ 2.8, ಐಎಸ್‌ಒ 640. ಇದರಲ್ಲಿ ವೇಷ ಹಾರಿ ಸುತ್ತುವ ದಿಗಿಣ ಕಲಸಿಹೋಗುತ್ತದೆ, ಅದನ್ನು ಬಿಟ್ಟುಕೊಟ್ಟಿದ್ದೇನೆ. ಜನರೇಟರ್ ಇದ್ದ ರಾತ್ರಿ 1/100ರಲ್ಲೂ ತೆಳು ಪಟ್ಟೆ ಬಂತು, ಅದರ ಓಟ 50ಕ್ಕೆ ನಿಲ್ಲುವುದಿಲ್ಲವಲ್ಲ. ಕೆಂಪು ದೀಪ ಬಿದ್ದಾಗ ಮೀಟರಿನ ಮಾತಿಗಿಂತ ಒಂದು ಸ್ಟಾಪ್ ಕಡಿಮೆ ಇಡುತ್ತೇನೆ, ಇಲ್ಲದಿದ್ದರೆ ಕೆಂಪೆಲ್ಲ ಒಂದೇ ಮುದ್ದೆ.

ನಡುವೆ ಬೇಡದ ಪ್ರಯೋಗಗಳೂ ನಡೆದವು. ಬೆಳಕಿನ ಅಳತೆಗೆ ಇಡುವ ಬೂದು ಕಾರ್ಡಿನ ಬದಲು ಅಡಿಕೆ ಹಾಳೆಯ ತಟ್ಟೆ ಇಟ್ಟು ನೋಡಿದೆ, ಒಂದು ಸ್ಟಾಪಿನಷ್ಟು ಹೆಚ್ಚು ಬೆಳಗು. ಮುರಕಲ್ಲಿನ ಗೋಡೆ ಹೆಚ್ಚುಕಡಿಮೆ ಸರಿಹೊಂದಿತು, ಪಾಚಿ ಇಲ್ಲದಿದ್ದರೆ. ಪಿಂಗ್‌ಪಾಂಗ್ ಚೆಂಡನ್ನು ಅರ್ಧಕ್ಕೆ ಕೊಯ್ದು ಮೊಬೈಲಿಗೆ ಅಂಟಿಸಿದ್ದು ಹಗಲಿಗೆ ಪರವಾಗಿಲ್ಲ. ಕುಂಬಳೆ ಜಾತ್ರೆಯ ಬೆಡಿಗೆ ಮೀಟರ್ ಕೊಂಡುಹೋದದ್ದು ಶುದ್ಧ ದಡ್ಡತನ. ಸಿಡಿಮದ್ದಿಗೆ ಐಎಸ್‌ಒ 100, ಎಫ್ 11 ಇಟ್ಟು, ಷಟರ್ ತೆರೆದೇ ಇಡುವ ಬಲ್ಬ್ ಮೋಡ್‌ನಲ್ಲಿ ಗುಂಡಿ ಒತ್ತಿ ಕೂತರೆ ಯಾವ ಅಳತೆಯೂ ಬೇಡ.

ಅಸಲು ಪರೀಕ್ಷೆ ಮಹಿಷಾಸುರನ ಪ್ರವೇಶ. ಅವನು ಜನರ ನಡುವಿನಿಂದ ಬರುತ್ತಾನೆ, ಎರಡೂ ಕಡೆ ಸೂಟೆಯ ಪಂಜು, ಮೇಲೆ ರಾಳದ ಪುಡಿಯ ಬೆಂಕಿ. ಅಲ್ಲಿ ಮೊದಲೇ ನಿಂತು ಅಳೆಯುವುದು ಹೇಗೆ? ಮನೆಯ ಅಂಗಳದಲ್ಲೇ ಆಟ ಹೂಡಿದೆ. ಒಣ ತೆಂಗಿನ ಮಡಲಿನ ಸೂಟೆ ಕಟ್ಟಿ ಅಳಿಯನ ಕೈಗೆ ಕೊಟ್ಟು, ಮೂರಡಿ ದೂರದಲ್ಲಿ ನನ್ನ ಗಲ್ಲಕ್ಕೆ ಮೀಟರ್ ಒತ್ತಿ ನಿಂತೆ. ಬರಿಯ ಸೂಟೆಗೆ 5. ರಾಳ ಎರಚಿದರೆ ಬೆಂಕಿ ಅರೆಕ್ಷಣದಲ್ಲಿ ಹಾರಿ ಆರುತ್ತದೆ, ನಾನು ಗುಂಡಿ ಒತ್ತುವಾಗ ಕತ್ತಲೆ. ಮೊದಲ ರಾತ್ರಿ ಕಾಲು ಕಿಲೋ ರಾಳ ಹೋಯಿತು, ಒಂದೂ ಅಂಕಿ ಸಿಗಲಿಲ್ಲ. ಎರಡನೆಯ ರಾತ್ರಿ ಹುಬ್ಬು ಸುಟ್ಟಿತು. "ಮಾವ, ನೀವು ಒತ್ತಿದ ಮೇಲೆ ನಾನು ಎರಚುವುದಲ್ಲ, ನಾನು ಕೈ ಎತ್ತುವಾಗಲೇ ನೀವು ಒತ್ತಬೇಕು" ಎಂದು ದಾರಿ ತೋರಿಸಿದವನು ಅಳಿಯನೇ. ಮೂರನೆಯ ರಾತ್ರಿ ಎಂಟು, ಎಂಟೂವರೆ, ಒಮ್ಮೆ ಒಂಬತ್ತು ಸಿಕ್ಕಿತು. ಐದಕ್ಕೂ ಎಂಟಕ್ಕೂ ನಡುವೆ ಏಳನ್ನು ಹಿಡಿದೆ: ಐಎಸ್‌ಒ 3200, ಎಫ್ 2.8, 1/500. ಸಂಘಟಕರು ಆ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿದ್ದರಿಂದ ಪಟ್ಟೆಯ ಭಯವೂ ಇರಲಿಲ್ಲ.

ರಾಳ ಎರಚುವ ಗಳಿಗೆ ನನಗೆ ಮೊದಲೇ ತಿಳಿಯುತ್ತದೆ. ಅದು ಚೆಂಡೆಯ ಒಂದು ಪೆಟ್ಟಿನಲ್ಲಿದೆ. ಕಲಿಸಿದವರು ಯಾರಿಗೂ ಹೇಳಬೇಡ ಎಂದಿದ್ದಾರೆ, ಹೇಳಬಹುದು ಎಂದಿದ್ದರೂ ನಾನು ಹೇಳುತ್ತಿರಲಿಲ್ಲ.

ಫೆಬ್ರವರಿಯ ಆ ಬೆಳಗಿನ ಜಾವ ಪ್ರವೇಶದ ನಲವತ್ತು ಚಿತ್ರಗಳಲ್ಲಿ ಮೂವತ್ತರ ಮೇಲೆ ಕೈಗೆ ಬಂದವು. ಕೊಂಬಿನ ಅಂಚಿನಲ್ಲಿ ಕಿಡಿ, ಮುಖದ ಚಿಟ್ಟಿ ಒಂದೊಂದೂ ಎಣಿಸುವ ಹಾಗೆ. ಆಟ ಆಡಿಸಿದ ಮನೆಯವರು ದೊಡ್ಡ ಪ್ರಿಂಟ್ ಹಾಕಿಸಿ 14,000 ಕೊಟ್ಟರು. ಭಾವ ಬಂದು ನೋಡಿ, ಇದಕ್ಕೆ ಫ್ಲ್ಯಾಶ್ ಎಲ್ಲಿ ಇಟ್ಟಿರಿ ಎಂದು ಕೇಳಿದರು. ಮೀಟರ್ 11,000, ಸತ್ತ ಸೆಲೆನಿಯಂ 1,200, ರಾಳಕ್ಕೆ ಐನೂರು ಆರುನೂರು. ಮಸಿ ಹಿಡಿದ ಜಗಲಿಯ ಗೋಡೆಗೆ ಅಮ್ಮ ಎರಡು ಸಲ ಸುಣ್ಣ ಹೊಡೆಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಅವರು ಹಿಡಿದಿದ್ದಾರೆ.