ಕಬಡ್ಡಿ: ಸಣ್ಣ ಮೈಯವರೂ ಕಾರ್ನರ್‌ನಲ್ಲಿ ಗಟ್ಟಿ ನಿಲ್ಲುವುದು ಹೇಗೆ?

ಓದುವ ಮೊದಲು ಎದ್ದು ಗೋಡೆಯ ಹತ್ತಿರ ಹೋಗಿ. ಹಿಮ್ಮಡಿ, ಸೊಂಟ, ಬೆನ್ನು ಮೂರೂ ಗೋಡೆಗೆ ತಾಗುವಂತೆ ನಿಲ್ಲಿ. ಈಗ ಮಂಡಿ ಮಡಿಸದೆ ನಿಧಾನವಾಗಿ ಮುಂದಕ್ಕೆ ಬಗ್ಗಿ. ಅರ್ಧಕ್ಕೇ ಮುಗ್ಗರಿಸುತ್ತೀರಿ. ಗೋಡೆಯಿಂದ ಎರಡು ಹೆಜ್ಜೆ ಮುಂದೆ ಬಂದು ಅಷ್ಟೇ ಬಗ್ಗಿ ನೋಡಿ, ಬೀಳುವುದಿಲ್ಲ.

ನಾವು ಬಗ್ಗುವಾಗ ನಮಗೇ ಗೊತ್ತಾಗದ ಹಾಗೆ ಸೊಂಟ ಹಿಂದಕ್ಕೆ ಸರಿಯುತ್ತದೆ. ತಲೆ, ಎದೆ ಮುಂದೆ ಹೋದದ್ದನ್ನು ಅದು ಸರಿದೂಗಿಸುತ್ತದೆ. ಗೋಡೆ ಇದ್ದಾಗ ಸೊಂಟಕ್ಕೆ ಹಿಂದೆ ಜಾಗವೇ ಇರಲಿಲ್ಲ. ಅಷ್ಟಕ್ಕೇ ಬಿದ್ದಿರಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಂಜೆ ಹುಡುಗಿಯರ ಕಬಡ್ಡಿ ನೋಡಿಕೊಳ್ಳುತ್ತೇನೆ. ಕಾರ್ನರ್ ಎಂದರೆ ಹಿಡಿಯುವವರ ಸಾಲಿನ ಎರಡು ತುದಿಯ ಜಾಗ. "ಮೇಡಂ, ನಾನು ಸಣ್ಣ ಇದ್ದೀನಂತೆ, ಕಾರ್ನರ್‌ಗೆ ಆಗಲ್ಲ ಅಂತಾರೆ" ಎಂದು ಮುಖ ಸಪ್ಪೆ ಮಾಡಿಕೊಂಡು ಬರುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಆ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಈ ಪಾಠ ಅವರಿಗಾಗಿ.

ಮೊದಲು ತೂಕದ ನಡು ಹುಡುಕಿ

ಮೈಯ ತೂಕವೆಲ್ಲ ಒಂದೇ ಕಡೆ ಕೂಡಿದೆ ಎಂದುಕೊಳ್ಳಬಹುದಾದ ಒಂದು ಬಿಂದು ಇರುತ್ತದೆ. ಪಾಠದ ಪುಸ್ತಕದಲ್ಲಿ ಅದಕ್ಕೆ ದ್ರವ್ಯರಾಶಿ ಕೇಂದ್ರ ಎನ್ನುತ್ತಾರೆ. ಇಲ್ಲಿ ತೂಕದ ನಡು ಎನ್ನೋಣ. ನೆಟ್ಟಗೆ ನಿಂತವರಿಗೆ ಅದು ಹೆಚ್ಚುಕಡಿಮೆ ಹೊಕ್ಕುಳಿನ ಕೆಳಗೆ, ಹೊಟ್ಟೆಯ ಒಳಗೆ ಇರುತ್ತದೆ. ಹುಡುಗಿಯರಿಗೆ ಸಾಮಾನ್ಯವಾಗಿ ಹುಡುಗರಿಗಿಂತ ಸ್ವಲ್ಪ ಕೆಳಗೇ ಇರುತ್ತದೆ.

ಅಳೆದೂ ನೋಡಬಹುದು. 2 ಮೀಟರ್ ಉದ್ದದ ಗಟ್ಟಿ ಹಲಗೆ ತನ್ನಿ. ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತೂಕದ ಯಂತ್ರದ ಮೇಲೆ ಇರಲಿ. ಎರಡೂ ಕಡೆ ಎತ್ತರ ಒಂದೇ ಇರಬೇಕು. ಬರೀ ಹಲಗೆಗೆ ಯಂತ್ರ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ಅಂಗಾಲು ಸರಿಯಾಗಿ ಇಟ್ಟಿಗೆಯ ನೇರಕ್ಕೆ ಬರುವಂತೆ, ತಲೆ ಯಂತ್ರದ ಕಡೆ ಮಾಡಿ ಮಲಗಿ. ಈಗಿನ ತೂಕದಿಂದ ಹಲಗೆಯದನ್ನು ಕಳೆಯಿರಿ. ಉಳಿದದ್ದನ್ನು 2ರಿಂದ ಗುಣಿಸಿ, ನಿಮ್ಮ ತೂಕದಿಂದ ಭಾಗಿಸಿ. ಅಂಗಾಲಿನಿಂದ ತೂಕದ ನಡುವಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ.

48 ಕೆ.ಜಿ. ತೂಕ, 152 ಸೆಂ.ಮೀ. ಎತ್ತರದ ಹುಡುಗಿಯೊಬ್ಬಳು ಮಲಗಿದಾಗ ಯಂತ್ರ 20 ಕೆ.ಜಿ. ಜಾಸ್ತಿ ತೋರಿಸಿತು ಅಂದುಕೊಳ್ಳಿ. 20ನ್ನು 2ರಿಂದ ಗುಣಿಸಿ 48ರಿಂದ ಭಾಗಿಸಿದರೆ ಸುಮಾರು 0.83 ಮೀಟರ್. ಅಂದರೆ ಎತ್ತರದ ಶೇ 55ರ ಹತ್ತಿರ.

ಈ ಬಿಂದು ಒಂದೇ ಕಡೆ ಕೂರುವುದಿಲ್ಲ. ಕೈ ಎತ್ತಿದರೆ ಮೇಲೆ ಹೋಗುತ್ತದೆ, ಕುಕ್ಕರಿಸಿದರೆ ಕೆಳಗೆ ಬರುತ್ತದೆ. ಮೈ ಬಿಲ್ಲಿನಂತೆ ಬಾಗಿದರೆ ಮೈಯಿಂದಲೇ ಆಚೆ ಹೋಗಬಹುದು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ, 2.24 ಮೀಟರ್ ದಾಟಿ ಚಿನ್ನ ಗೆದ್ದರು. ಹಾಗೆ ಬೆನ್ನು ಬಾಗಿಸಿ ಹಾರುವವರ ಮೈ ಕೋಲಿನ ಮೇಲೆ ಹೋಗುತ್ತಿರುವಾಗಲೂ ತೂಕದ ನಡು ಕೋಲಿಗಿಂತ ಕೆಳಗೇ ಇರಲು ಸಾಧ್ಯ! ನನಗೆ ಇವತ್ತಿಗೂ ಇದು ಬೆರಗು.

ಈಗ ಸೀಮೆಸುಣ್ಣ ತೆಗೆದುಕೊಳ್ಳಿ

ನಿಂತ ಜಾಗದಲ್ಲೇ ಎರಡೂ ಪಾದಗಳ ಸುತ್ತ ಒಂದೇ ಗೆರೆ ಎಳೆಸಿಕೊಳ್ಳಿ. ನಡುವಿನ ಜಾಗವೂ ಒಳಗೆ ಸೇರಲಿ. ಅದು ನಿಮ್ಮ ನೆಲೆ. ತೂಕದ ನಡುವಿನಿಂದ ಒಂದು ತೂಕದ ಗುಂಡು ಇಳಿಬಿಟ್ಟರೆ ಅದು ಈ ಗೆರೆಯ ಒಳಗೆ ಬೀಳಬೇಕು. ಸುಮ್ನೆ ನಿಂತಾಗ ಒಳಗಿದ್ದರೆ ನಿಲ್ಲುತ್ತೀರಿ. ಹೊರಗೆ ಹೋಯಿತೋ, ಕಾಲು ಮುಂದಿಡಬೇಕು ಇಲ್ಲವೇ ಬೀಳಬೇಕು.

ಹಾಗಾದರೆ ಗಟ್ಟಿಯಾಗಿ ನಿಲ್ಲಲು ಎರಡು ದಾರಿ. ಗುಂಡು ಬೀಳುವ ಜಾಗದಿಂದ ಗೆರೆಯ ಅಂಚು ದೂರ ಇರಬೇಕು, ತೂಕದ ನಡು ನೆಲಕ್ಕೆ ಹತ್ತಿರ ಇರಬೇಕು. ಸೊಂಟದ ಎತ್ತರದಲ್ಲಿ ಪಕ್ಕದಿಂದ ತಳ್ಳಿದರೆ ಬೀಳಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕ ಸುಲಭ. ತೂಕವನ್ನು ಅಂಚಿಗಿರುವ ದೂರದಿಂದ ಗುಣಿಸಿ, ತೂಕದ ನಡುವಿನ ಎತ್ತರದಿಂದ ಭಾಗಿಸಿ.

ಅದೇ 48 ಕೆ.ಜಿ. ಹುಡುಗಿ 30 ಸೆಂ.ಮೀ. ಅಗಲಕ್ಕೆ ಕಾಲಿಟ್ಟು ನೆಟ್ಟಗೆ ನಿಂತಿದ್ದಾಳೆ. ನಡುವಿನಿಂದ ಅಂಚಿಗೆ 15, ಎತ್ತರ 83. ಸುಮಾರು 9 ಕೆ.ಜಿ.ಯಷ್ಟು ಬಲ ಬಿದ್ದರೆ ಅವಳು ವಾಲಿಬಿಡುತ್ತಾಳೆ. ಈಗ ಮಂಡಿ ಮಡಿಸಿ ತೂಕದ ನಡುವನ್ನು 60 ಸೆಂ.ಮೀ.ಗೆ ಇಳಿಸಲಿ, ಕಾಲನ್ನು 70 ಸೆಂ.ಮೀ. ಅಗಲ ಮಾಡಲಿ. ಅಂಚು 35 ಆಯಿತು. ಈಗ 28 ಕೆ.ಜಿ. ಬೇಕು! ಮೂರು ಪಟ್ಟಿಗೂ ಜಾಸ್ತಿ. 70 ಕೆ.ಜಿ.ಯ ಗಟ್ಟಿಗಿತ್ತಿಯೊಬ್ಬಳು ಕಾಲು ಹತ್ತಿರ ಇಟ್ಟು ನೆಟ್ಟಗೆ ನಿಂತರೆ ಅವಳನ್ನು ವಾಲಿಸಲು 11–12 ಕೆ.ಜಿ. ಸಾಕು. ತೂಕ ಇದ್ದರೆ ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. ಆದರೆ ನಿಲ್ಲುವ ರೀತಿ ತಂದುಕೊಡುವಷ್ಟನ್ನು ಹತ್ತಿಪ್ಪತ್ತು ಕೆ.ಜಿ. ತೂಕ ತಂದುಕೊಡುವುದಿಲ್ಲ.

ಒಂದು ಎಚ್ಚರಿಕೆ. ಕಾಲನ್ನು ಎಡಬಲಕ್ಕೆ ಅಗಲಿಸಿದರೆ ಪಕ್ಕದ ತಳ್ಳುವಿಕೆಗೆ ಮಾತ್ರ ಬಲ ಬರುತ್ತದೆ. ಎದುರಿನಿಂದ ಗುದ್ದಿದರೆ ಅಲ್ಲಿರುವುದು ಪಾದದ ಉದ್ದವಷ್ಟೇ. ಆದ್ದರಿಂದ ಒಂದು ಕಾಲು ಮುಂದೆ, ಒಂದು ಹಿಂದೆ ಓರೆಯಾಗಿ ಇರಲಿ. ರೈಡರ್, ಅಂದರೆ ನಿಮ್ಮನ್ನು ಮುಟ್ಟಿ ಹೋಗಲು ಬರುವ ಎದುರಾಳಿ, ಬರುವ ದಿಕ್ಕಿಗೆ ನಿಮ್ಮ ನೆಲೆ ಉದ್ದವಾಗಬೇಕು.

ರೈಡರ್‌ಗೆ ಬೇರೆಯೇ ಲೆಕ್ಕ

ರೈಡರ್ ಬಂಡೆಯಂತೆ ನಿಂತರೆ ಆಟ ಮುಗಿಯಿತು. ಅವಳಿಗೆ ಸಿಗುವುದು 30 ಸೆಕೆಂಡ್. ಆ ಹೊತ್ತಿನಲ್ಲಿ ಯಾವ ಕಡೆಗಾದರೂ ಚಿಮ್ಮುವಂತಿರಬೇಕು. ಅದಕ್ಕೆ ಅವಳು ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಇರುತ್ತಾಳೆ. ನೆಲೆ ಚಿಕ್ಕದಾಯಿತು, ತೂಕದ ನಡು ಅಂಚಿನ ಹತ್ತಿರ ಬಂತು. ಸುಲಭವಾಗಿ ಬೀಳುವ ಸ್ಥಿತಿ ಎಂದರೆ ಸುಲಭವಾಗಿ ಓಡುವ ಸ್ಥಿತಿಯೂ ಹೌದು. ಓಟದವರು ಪಿಸ್ತೂಲಿನ ಸದ್ದಿಗೆ ಮೊದಲು ಮುಂದಕ್ಕೆ ವಾಲಿ ಕೈ ಮೇಲೆ ಭಾರ ಹಾಕುವುದೂ ಇದಕ್ಕೇ.

ಕೈ ಚಾಚಿ ಮುಟ್ಟುವುದಕ್ಕೂ ಕಾಲು ಚಾಚಿ ಬೆರಳ ತುದಿಯಿಂದ ಮುಟ್ಟುವ ಟೋ ಟಚ್‌ಗೂ ಇರುವ ವ್ಯತ್ಯಾಸ ಗಮನಿಸಿ. ಕೈಯ ತೂಕ ಮೈಯಲ್ಲಿ ಸುಮಾರು ಶೇ 5 ಮಾತ್ರ, ಆದರೆ ದೂರ ಚಾಚಿದಾಗ ಇಡೀ ಮುಂಡ ಅದರ ಹಿಂದೆ ಹೋಗುತ್ತದೆ. ತೂಕದ ನಡು ಎದುರಾಳಿಯ ಕಡೆ ಜಾರುತ್ತದೆ. ಅದನ್ನು ವಾಪಸ್ ಎಳೆದುಕೊಂಡ ಮೇಲೆಯೇ ಹಿಂದೆ ಓಡಲು ಆಗುವುದು. ಕಾಲು ಸುಮಾರು ಶೇ 16 ತೂಗುತ್ತದೆ. ಆದರೂ ಟೋ ಟಚ್‌ನಲ್ಲಿ ಮುಂಡ ಹಿಂದೆಯೇ ಉಳಿಯುತ್ತದೆ, ಭಾರವೆಲ್ಲ ಮಡಿಸಿದ ಹಿಂಗಾಲಿನ ಮೇಲೆ ಇರುತ್ತದೆ. ಮುಟ್ಟಿದ ಕೂಡಲೇ ಮನೆ ಕಡೆ ಹೊರಡಬಹುದು.

ಬೋನಸ್ ಅಂಕ ತೆಗೆಯುವಾಗ ಒಂದು ಕಾಲು ಎದುರಾಳಿ ಅಂಗಳದ ಒಳಗಿನ ಬೋನಸ್ ಲೈನ್ ದಾಟಿದ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿ ಇರಬೇಕು, ಅಲ್ವಾ? ಆ ಕ್ಷಣಕ್ಕೆ ನೆಲೆ ಎಂದರೆ ಒಂದೇ ಪಾದ. ಒಳ್ಳೆಯ ಡಿಫೆಂಡರ್‌ಗಳು ಕಾಯುವುದೇ ಈ ಕ್ಷಣಕ್ಕೆ.

ಹಿಡಿಯುವಾಗ ಏನು ಮಾಡಬೇಕು

ಆಂಕಲ್ ಹೋಲ್ಡ್ ಮೈಭಾರ ಕೇಳುವ ಪಟ್ಟಲ್ಲ. ರೈಡರ್ ಮಿಡ್ ಲೈನ್ (ಎರಡು ಅಂಗಳಗಳ ನಡುವಿನ ಗೆರೆ, ಮುಟ್ಟಿದರೆ ಅವಳು ಪಾರು) ಕಡೆ ಹೊರಟಾಗ ಅವಳ ತೂಕದ ನಡು ಆಗಲೇ ಆ ಕಡೆ ಹೋಗಿರುತ್ತದೆ. ಪಾದ ಮಾತ್ರ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಗುಂಡು ಗೆರೆಯಿಂದ ಆಚೆ ಬಿತ್ತು, ಅವಳು ಬಿದ್ದಳು. ಆದರೆ ಬೀಳುವುದು ಮಿಡ್ ಲೈನ್ ಕಡೆಗೇ. ಕೈ ಚಾಚಿದರೆ ಮೈಯುದ್ದಕ್ಕಿಂತ ಜಾಸ್ತಿ ದೂರ ಮುಟ್ಟುತ್ತಾಳೆ! ಆದ್ದರಿಂದ ಪಾದ ಹಿಡಿದ ತಕ್ಷಣ ಹಿಂದಕ್ಕೆ ಎಳೆಯಿರಿ, ಕವರ್‌ನಲ್ಲಿ, ಅಂದರೆ ಸಾಲಿನ ನಡುಭಾಗದ ಹತ್ತಿರ, ಇರುವವರು ಮುಂದೆ ಅಡ್ಡ ಬರಲಿ.

ತೊಡೆ ಹಿಡಿಯುವ ಥೈ ಹೋಲ್ಡ್‌ನಲ್ಲಿ ನಿಮ್ಮ ಸೊಂಟ ಅವಳ ಸೊಂಟಕ್ಕಿಂತ ಕೆಳಗೆ ಇರಬೇಕು. ಆಮೇಲೆ ಎತ್ತಿ. ಪಾದ ನೆಲ ಬಿಟ್ಟ ಮೇಲೆ ಒದ್ದು ಮುಂದೆ ಹೋಗಲು ಅವಳಿಗೆ ಏನೂ ಇರುವುದಿಲ್ಲ. ಗರಡಿ ಮನೆಯ ಪೈಲ್ವಾನರು ಎದುರಾಳಿಯ ಕೆಳಗೆ ನುಗ್ಗುವುದೂ ಇದೇ ಲೆಕ್ಕದಲ್ಲಿ.

ದಿನಾ ಹತ್ತು ನಿಮಿಷ

ಇಬ್ಬಿಬ್ಬರು ಸೇರಿ. ಒಬ್ಬಳು ನಿಲ್ಲಲಿ, ಇನ್ನೊಬ್ಬಳು ಅವಳ ಸೊಂಟವನ್ನು ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ನಿಧಾನವಾಗಿ ಬಲ ಹೆಚ್ಚಿಸುತ್ತಾ ತಳ್ಳಲಿ. ಮೊದಲು ನೆಟ್ಟಗೆ ನಿಂತು, ಆಮೇಲೆ ಕುಗ್ಗಿ. ಪ್ರತಿ ಸಲ ಸುಣ್ಣದ ಗೆರೆ ಹೊಸದಾಗಿ ಎಳೆಯಿರಿ. ಎರಡನೇ ದಿನಕ್ಕೇ ಮಕ್ಕಳು ತಾವಾಗಿಯೇ ಕಾಲು ತಿದ್ದಿಕೊಳ್ಳುವುದನ್ನು ಕಂಡಿದ್ದೇನೆ. ರೈಡರ್‌ಗಳು ಒಂಟಿಗಾಲಲ್ಲಿ ಕುಗ್ಗಿ, ಇನ್ನೊಂದು ಕಾಲು ಚಾಚಿ, ಮುಂಡ ಮುಂದೆ ಹೋಗದಂತೆ ಐದು ಸೆಕೆಂಡ್ ನಿಲ್ಲಲಿ. ಎರಡೂ ಕಾಲಿಗೆ ಸಮವಾಗಿ ಮಾಡಿಸಿ.

ಮ್ಯಾಟ್ ಒದ್ದೆ ಇದ್ದ ದಿನ ಮಾತ್ರ ಬೇಡ. ಕಾಲೇ ಜಾರಿದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ, ಮಂಡಿಗೆ ಪೆಟ್ಟು ಬೀಳುತ್ತದೆ.