ಗಿಬ್ಬನ್ಸ್ ಹಾಡಲು ಹನ್ನೆರಡು ಕಂಠ ಸಾಕು

ಓರ್ಲ್ಯಾಂಡೊ ಗಿಬ್ಬನ್ಸ್ (1583–1625) ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸನ ಚಾಪೆಲ್ ರಾಯಲ್‌ನಲ್ಲಿ, ಅಂದರೆ ಆಸ್ಥಾನದ ಪ್ರಾರ್ಥನಾ ಗಾಯಕರ ತಂಡದಲ್ಲಿ, ಆರ್ಗನ್ ವಾದಕ, ಸಂಗೀತ ರಚನಕಾರ. ಚಿಕ್ಕಮಗಳೂರಿನ ಚರ್ಚ್ ಕ್ವಾಯರ್ ಅವನ ಸಂಗೀತಕ್ಕೆ ಕೈಹಾಕುವುದಾದರೆ ‘ಆಲ್ಮೈಟಿ ಅಂಡ್ ಎವರ್‌ಲಾಸ್ಟಿಂಗ್ ಗಾಡ್’ ಒಳ್ಳೆಯ ಶುರು. ಆರು, ಎಂಟು ಧ್ವನಿಗಳ (ಒಟ್ಟಿಗೇ ಸಾಗುವ ಬೇರೆ ಬೇರೆ ಸ್ವರಸಾಲುಗಳ) ಕೃತಿಗಳ ಆಸೆ ಸದ್ಯಕ್ಕೆ ಬೇಡ, ಇದಕ್ಕೆ ನಾಲ್ಕೇ. ಸಾಹಿತ್ಯ ಎಪಿಫನಿ (ಜನವರಿ 6ರ ಕ್ರೈಸ್ತ ಹಬ್ಬ) ನಂತರದ ಮೂರನೇ ಭಾನುವಾರದ ಪ್ರಾರ್ಥನೆ, ಅಂದರೆ ಜನವರಿ 21ರಿಂದ 27ರೊಳಗೆ. ಆಗ ತೋಟಗಳಲ್ಲಿ ಕಾಫಿ ಕೊಯ್ಲು, ಯಾರೂ ಕೈಗೆ ಸಿಗುವುದಿಲ್ಲ. ಅಕ್ಟೋಬರ್‌ನಲ್ಲೇ ಹಿಡಿಯಿರಿ.

ಹನ್ನೆರಡು ಜನರನ್ನು ಮೇಲಿನ ಧ್ವನಿಯಿಂದ ಕೆಳಗಿನದಕ್ಕೆ ಹೀಗೆ ಹಂಚಿ: ಸೊಪ್ರಾನೊ 4, ಆಲ್ಟೊ 3, ಟೆನರ್ 2, ಬಾಸ್ 3. ಆಸ್ಥಾನದಲ್ಲಿ ಮೇಲಿನ ಧ್ವನಿ ಹುಡುಗರದು, ಆಲ್ಟೊ ಗಂಡಸರದು; ನಮ್ಮಲ್ಲಿ ಎರಡನ್ನೂ ಹೆಂಗಸರೇ ಹಾಡಲಿ. ಆಲ್ಟೊ ತೀರಾ ಕೆಳಗಿಳಿದರೆ ಇಡೀ ಕೃತಿಯನ್ನು ಒಂದು ಸ್ವರ ಮೇಲಕ್ಕೆ ಏರಿಸಿ, ಟೆನರ್‌ಗೆ ಎಟುಕುತ್ತದೆಯೇ ನೋಡಿಕೊಂಡು.

ಶ್ರುತಿಪೆಟ್ಟಿಗೆ ಹಚ್ಚಬೇಡಿ. ಇಲ್ಲಿ ಆಧಾರಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಒಂದೇ ಷಡ್ಜ ಕಿವಿಯಲ್ಲಿ ಕೂತರೆ ಪದೇ ಪದೇ ಅಪಸ್ವರ. ಕೀಬೋರ್ಡಿನಲ್ಲಿ ಮೊದಲ ಸ್ವರ ಕೊಟ್ಟು ಮುಚ್ಚಿಬಿಡಿ. ಕರ್ನಾಟಕ ಸಂಗೀತ ಕಲಿತವರಿಗೆ ಗಮಕ, ಜಾರು ತಾನಾಗಿ ಬರುತ್ತದೆ. ಅದನ್ನು ತಡೆಯುವುದೇ ಮೊದಲ ಎರಡು ವಾರದ ಕೆಲಸ.

ಮೊದಲು ಹಾಡದೆ, ಲಯಕ್ಕೆ ಸರಿಯಾಗಿ ಮಾತು ಓದಿಸಿ. ‘ಆಲ್ಮೈಟಿ’ಯಲ್ಲಿ ಒತ್ತು ‘ಮೈ’ ಮೇಲೆ, ‘ಇನ್‌ಫರ್ಮಿಟೀಸ್’ನಲ್ಲಿ ‘ಫರ್’ ಮೇಲೆ. ನಮ್ಮ ನಾಲಿಗೆ ಮೊದಲ ಅಕ್ಷರಕ್ಕೇ ಬೀಳುತ್ತದೆ. ‘ಗಾಡ್’ ಅನ್ನು ‘ಗಾಡು’ ಎನ್ನುವ ಚಟವೂ ಉಂಟು. ಹನ್ನೆರಡು ಜನರ ‘ಉ’ ಸೇರಿದರೆ ಇನ್ನೊಂದು ಅಕ್ಷರವೇ ಕೇಳುತ್ತದೆ. ಸ್ವರಲಿಪಿಯ ಪ್ರತಿಯಲ್ಲಿ ಸಾಲನ್ನು ಭಾಗ ಮಾಡುವ ನೇರಗೀಟುಗಳನ್ನು (ಬಾರ್‌ಲೈನ್) ಆವರ್ತನ ಎಂದುಕೊಳ್ಳಬೇಡಿ. ಅವು ಓದಲು ಅನುಕೂಲವಾಗಲೆಂದು ಆಮೇಲೆ ಸಂಪಾದಕರು ಹಾಕಿದವು. ಒತ್ತು ಪದಕ್ಕೆ, ಗೀಟಿಗಲ್ಲ.

ನಂತರ ಬಾಸ್–ಸೊಪ್ರಾನೊ ಜೋಡಿ, ಬೇರೆ ದಿನ ಆಲ್ಟೊ–ಟೆನರ್. ಒಂದು ಧ್ವನಿ ಹಿಡಿದ ಮಾತನ್ನು ಇನ್ನೊಂದು ಎತ್ತಿಕೊಳ್ಳುವುದೇ ಈ ಶೈಲಿಯ ಜೀವ. ನಿಮ್ಮ ಸಾಲು ಶುರುವಾದಾಗ ಮುಂದೆ ಬನ್ನಿ, ಮಾತು ಮುಗಿದೊಡನೆ ತಗ್ಗಿ. ಎಲ್ಲರೂ ಕೊನೆಯವರೆಗೂ ಗಟ್ಟಿಯಾಗಿ ಹಾಡಿದರೆ ಸಾಹಿತ್ಯ ಕಲಸು ಮೇಲೋಗರ.

ಆ ಕಾಲದ ಇಂಗ್ಲಿಷ್ ಕೃತಿಗಳಲ್ಲಿ ಒಂದು ಧ್ವನಿಯಲ್ಲಿ ತೀವ್ರವಾಗಿರುವ ಸ್ವರ ಪಕ್ಕದ ಧ್ವನಿಯಲ್ಲಿ ಶುದ್ಧವಾಗಿ ಬಂದು ಚುಚ್ಚುವುದುಂಟು. ಅಚ್ಚಿನ ತಪ್ಪೆಂದು ತಿದ್ದಬೇಡಿ, ಅದರ ರುಚಿಯೇ ಅದು.

ಹಾಡಿ ಮುಗಿದ ಮೇಲೆ ಕೀಬೋರ್ಡಿನಲ್ಲಿ ಶ್ರುತಿ ಪರೀಕ್ಷಿಸಿ. ಎಲ್ಲರೂ ಒಟ್ಟಿಗೆ ಚೂರು ಇಳಿದಿದ್ದರೆ ಕೇಳುಗರಿಗೆ ತಿಳಿಯುವುದಿಲ್ಲ. ಸೊಪ್ರಾನೊ ಮಾತ್ರ ಇಳಿದಿದ್ದರೆ ಉದ್ದ ಸ್ವರಗಳಲ್ಲಿ ಉಸಿರು ಸಾಲುತ್ತಿಲ್ಲ. ನಾಲ್ವರೂ ಒಂದೇ ಕಡೆ ಉಸಿರೆಳೆಯದಂತೆ ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಬೇರೆ ಬೇರೆ ಗುರುತು ಹಾಕಿಕೊಡಿ.