ಮೊದಲ ಮೀನು ಚಿಕ್ಕದೇ ಇರಲಿ: ಟ್ಯಾಂಪಾ ಕೊಲ್ಲಿಯಲ್ಲಿ ಮಕ್ಕಳ ಜೊತೆ ಗಾಳ

ಗಾಳ ಹಾಕಿದರೆ ಮಕ್ಕಳು ತಾಳ್ಮೆ ಕಲಿಯುತ್ತಾರೆ ಎನ್ನುವವರು ಏಳು ವರ್ಷದ ಹುಡುಗನನ್ನು ನಾಲ್ಕು ಗಂಟೆ ದೋಣಿಯಲ್ಲಿ ಕೂರಿಸಿಕೊಂಡು ನೋಡಿದವರಲ್ಲ. ತಾಳ್ಮೆ ಆಮೇಲೆ ಬರುತ್ತದೆ, ಬಂದರೆ. ಮೊದಲ ಸಲ ಹೋಗುವಾಗ ತಾಳ್ಮೆಯೇ ಬೇಕಾಗದಂಥ ಜಾಗ, ಅಂಥ ಹೊತ್ತು, ಅಂಥ ಮೀನನ್ನು ಹುಡುಕಬೇಕು. ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ನನ್ನ ಮಗಳನ್ನು, ಮಗನನ್ನು, ಆಗೀಗ ಪರಿಚಯದ ಕನ್ನಡ ಮನೆಗಳ ಮಕ್ಕಳನ್ನು ಬಾಡಿಗೆ ದೋಣಿಯಲ್ಲಿ ಗೈಡ್ ಜೊತೆ ಕರೆದುಕೊಂಡು ಹೋಗುತ್ತಾ ನಾನು ಕಂಡುಕೊಂಡದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಾನು ಗಂಗೊಳ್ಳಿಯವಳು. ಐದು ನದಿಗಳು ಕೂಡಿ ಕಡಲಿಗೆ ಬೀಳುವ ಅಳಿವೆಯ ಬಗಲಲ್ಲಿ ಬೆಳೆದವಳು. ಬಂದರಿನಲ್ಲಿ ಬೂತಾಯಿ, ಬಂಗುಡೆ ಬುಟ್ಟಿಗಟ್ಟಲೆ ಇಳಿಯುವುದನ್ನು ದಿನವೂ ನೋಡಿದ್ದರೂ ಗಾಳದ ಕೋಲನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅಲ್ಲಿ ಮೀನು ಹಿಡಿಯುವುದು ಗಂಡಸರ ದುಡಿಮೆ, ಮಾರುವುದು ಹೆಂಗಸರ ದುಡಿಮೆ. ಮೋಜಿನ ಮಾತೇ ಇಲ್ಲ. ದುಡ್ಡು ಕೊಟ್ಟು ದೋಣಿ ಹತ್ತಿ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟು ಬಂದೆವು ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಬಿಡುವುದಾದರೆ ಹಿಡಿದದ್ದು ಯಾಕೆ?" ಎಂದಳು. ಆ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಪೂರ್ತಿ ಉತ್ತರವಿಲ್ಲ.

ಗೈಡ್ ಯಾಕೆ ಬೇಕು ಎಂದರೆ, ಈ ಕೊಲ್ಲಿ ನೋಡಲು ವಿಶಾಲ, ಇಳಿದರೆ ಆಳವಿಲ್ಲ. ಸುಮಾರು 400 ಚದರ ಮೈಲಿ ಹರವಿದ್ದರೂ ಸರಾಸರಿ ಆಳ ಹನ್ನೆರಡು ಅಡಿಯ ಆಸುಪಾಸು. ಹಡಗುಗಳಿಗೆಂದು ಹೂಳೆತ್ತಿದ ಕಾಲುವೆ ಬಿಟ್ಟು ಪಕ್ಕಕ್ಕೆ ಸರಿದರೆ ಆಯ್‌ಸ್ಟರ್ ಚಿಪ್ಪಿನ ದಿಬ್ಬ, ಮರಳಿನ ದಿಣ್ಣೆ, ಕಡಲ ಹುಲ್ಲಿನ ಹಾಸು. ಮೀನಿರುವುದು ಅಲ್ಲಿಯೇ, ತಿಳಿಯದವರ ದೋಣಿ ಸಿಕ್ಕಿಕೊಳ್ಳುವುದೂ ಅಲ್ಲಿಯೇ. ಆ ಹುಲ್ಲನ್ನು ಎಂಜಿನ್ನಿನ ರೆಕ್ಕೆ ಒಮ್ಮೆ ಸೀಳಿದರೆ ಗಾಯ ಮಾಯಲು ವರ್ಷಗಳೇ ಬೇಕು. ಇಲ್ಲಿ ಕರಾವಳಿ ಕಾವಲು ಪಡೆಯ ಪರವಾನಗಿ ಪಡೆದ ಕ್ಯಾಪ್ಟನ್‌ಗಳು ಸಣ್ಣ ದೋಣಿಯಲ್ಲಿ ಆರು ಜನರವರೆಗೆ ಕರೆದೊಯ್ಯುತ್ತಾರೆ. ಹದಿನಾರು ತುಂಬದ ಮಕ್ಕಳಿಗೆ ಫ್ಲೋರಿಡಾದಲ್ಲಿ ಮೀನು ಹಿಡಿಯುವ ಲೈಸೆನ್ಸ್ ಬೇಕಿಲ್ಲ; ದೊಡ್ಡವರಿಗೆ ಕ್ಯಾಪ್ಟನ್ನಿನ ಲೈಸೆನ್ಸೇ ಸಾಕು.

ಕ್ಯಾಪ್ಟನ್ನನ್ನು ಆರಿಸುವಾಗ ನಾನು ಫೋಟೊ ನೋಡುವುದಿಲ್ಲ. ಎಲ್ಲರ ಫೋಟೊದಲ್ಲೂ ಒಂದೇ ಬಗೆಯ ದೊಡ್ಡ ಸ್ನೂಕ್ ಮೀನು, ಒಂದೇ ಬಗೆಯ ನಗು. ಫೋನು ಮಾಡಿ, "ಬೆಳಗಿನಿಂದ ಏನೂ ಕಚ್ಚದಿದ್ದರೆ ಮಕ್ಕಳಿಗೆ ಏನು ಮಾಡಿಸುತ್ತೀರಿ?" ಎಂದು ಕೇಳುತ್ತೇನೆ. ಒಬ್ಬರು ತಮ್ಮ ದೋಣಿಯಲ್ಲಿ ಹಾಗಾಗುವುದೇ ಇಲ್ಲ ಎಂದು ಹೇಳಿ, ಹಿಂದಿನ ವಾರ ಸಿಕ್ಕ ಮೀನಿನ ಉದ್ದವನ್ನು ಇಂಚಿನ ಲೆಕ್ಕದಲ್ಲಿ ವರ್ಣಿಸತೊಡಗಿದರು. ವಂದನೆ ಹೇಳಿ ಫೋನಿಟ್ಟೆ. ಇನ್ನೊಬ್ಬರು, "ಪಿನ್‌ಫಿಶ್ ಹಿಡಿಸುತ್ತೇನೆ, ಏಡಿ ತೋರಿಸುತ್ತೇನೆ, ಬೇಜಾರಾದರೆ ದಿಬ್ಬದ ಮೇಲೆ ಇಳಿಸಿ ಚಿಪ್ಪು ಹೆಕ್ಕಿಸುತ್ತೇನೆ" ಎಂದರು. ಅವರನ್ನೇ ಗೊತ್ತು ಮಾಡಿದೆ, ಇಂದಿಗೂ ಅವರೇ. ಪಿನ್‌ಫಿಶ್ ಎಂದರೆ ಅಂಗೈ ಅಗಲದ ಬೆಳ್ಳಿ ಬಣ್ಣದ ಮೀನು. ದೊಡ್ಡ ಗಾಳಗಾರರಿಗೆ ಅದು ಬರೀ ಎರೆ. ಮಗುವಿಗೆ ಅದು ಮೀನು. ಬೆನ್ನ ಮೇಲೆ ಚುಚ್ಚುವ ಮುಳ್ಳು, ಮೈಮೇಲೆ ಹಳದಿ ನೀಲಿ ಗೆರೆ, ನೀರಿಂದ ಎತ್ತಿದಾಗ ಪಟಪಟ ಬಡಿಯುವ ಬಾಲ: ಇನ್ನೇನು ಬೇಕು? ಊಟದ ಮನೆಯಲ್ಲಿ ಹೋಳಿಗೆ ಬಡಿಸಲು ಬಂದವನನ್ನು ಮುತ್ತುವಂತೆ ಅವು ಸಿಗಡಿಯ ಚೂರನ್ನು ಮುತ್ತುತ್ತವೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಈ ದಿನ ಮಕ್ಕಳದ್ದು, ದೊಡ್ಡವರಿಗೆ ಕೋಲು ಬೇಡ. ಅಪ್ಪಂದಿರಿಗೆ ಇದು ಕಷ್ಟ. ಒಂದು ಕೋಲು ಕೈಗೆ ಸಿಕ್ಕರೆ ಸಾಕು, ಮಗನ ಗಾಳ ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೆ ಸಿಕ್ಕಿಕೊಂಡದ್ದು ಅವರಿಗೆ ಕಾಣಿಸುವುದೇ ಇಲ್ಲ.

ಹೊತ್ತು ಎಂದರೆ ನೀರು ಓಡುವ ಹೊತ್ತು. ಭರತ ಏರುತ್ತಿರಲಿ, ಇಳಿಯುತ್ತಿರಲಿ, ಮೀನು ಮೇಯುವುದು ನೀರು ಚಲಿಸುವಾಗ. ನಿಂತ ನೀರಿನಲ್ಲಿ ಮಕ್ಕಳೂ ನಿಲ್ಲುವುದಿಲ್ಲ. ಇಲ್ಲಿ ಏರಿಳಿತ ಎರಡು ಮೂರು ಅಡಿ ಮಾತ್ರ, ಆದರೂ ಅದರ ಪರಿಣಾಮ ಎದ್ದು ಕಾಣುತ್ತದೆ. ಆದ್ದರಿಂದ ನಮಗೆ ರಜೆ ಇರುವ ದಿನ ಹೇಳಿ, ಗಂಟೆ ಗೊತ್ತು ಮಾಡುವುದನ್ನು ಕ್ಯಾಪ್ಟನ್ನಿಗೇ ಬಿಡುತ್ತೇನೆ. ಬೇಸಿಗೆಯಲ್ಲಾದರೆ ಬೆಳಗಿನ ಜಾವವೇ ಸರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಹೆಚ್ಚುಕಡಿಮೆ ನಿತ್ಯದ ವ್ಯವಹಾರ, ಮಿಂಚಿನ ಕೆಳಗೆ ಬಯಲು ದೋಣಿಯಲ್ಲಿ ಉದ್ದನೆಯ ಕೋಲು ಹಿಡಿದು ಕೂರುವಂತಿಲ್ಲ. ನನಗೆ ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಇಷ್ಟ. ಚಳಿಗಾಲದಲ್ಲಿ ಕಂಬಗಳ ಸುತ್ತ ಶೀಪ್ಸ್‌ಹೆಡ್ ಸಿಗುತ್ತದೆ. ಅದರ ಬಾಯಿ ತೆರೆದು ನೋಡಿದರೆ ಥೇಟ್ ಮನುಷ್ಯರ ಹಲ್ಲು. ಮಗ ಅದನ್ನು ನೋಡಿದ ರಾತ್ರಿ ತಾನಾಗಿ ಹಲ್ಲುಜ್ಜಿದ. ಹೊರಡುವ ಮುನ್ನ ಕೆಂಪು ಅಲೆಯ ಸುದ್ದಿಯನ್ನೂ ನೋಡಿಕೊಳ್ಳುತ್ತೇನೆ. ಅದು ವಿಷ ಕಾರುವ ಒಂದು ಪಾಚಿ, ಗಾಳಿಯಲ್ಲಿ ಬೆರೆತರೆ ಕೆಮ್ಮು ಬರುತ್ತದೆ, ಆಸ್ತಮಾ ಇರುವ ಮಕ್ಕಳಿಗಂತೂ ಕೂಡದು. 2021ರ ಬೇಸಿಗೆಯಲ್ಲಿ ಈ ಕೊಲ್ಲಿಯ ದಡಕ್ಕೆ ಟನ್ನುಗಟ್ಟಲೆ ಸತ್ತ ಮೀನು ಬಂದು ಬಿದ್ದದ್ದು ಅದರಿಂದಲೇ.

ಹೆಚ್ಚಿನ ಕ್ಯಾಪ್ಟನ್‌ಗಳು ಗಿರಾಕಿಗಳು ಬರುವ ಮುಂಚೆಯೇ ಎರೆ ಹಿಡಿದು ತೊಟ್ಟಿಗೆ ತುಂಬಿಸಿಟ್ಟಿರುತ್ತಾರೆ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಬೀಸುಬಲೆಯ ಅರ್ಧ ಗಂಟೆ ಮಕ್ಕಳಿಗೆ ಇಡೀ ದಿನದ ಹಬ್ಬ. ಕ್ಯಾಪ್ಟನ್ ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದಾಗ ಅದು ಗಾಳಿಯಲ್ಲಿ ವೃತ್ತವಾಗಿ ಬಿಚ್ಚಿಕೊಂಡು ಸೀಸದ ಗುಂಡುಗಳ ಸಮೇತ ನೀರಿಗೆ ಬೀಳುತ್ತದೆ. ಎತ್ತಿದರೆ ನೂರಾರು ಪುಟ್ಟ ಸಾರ್ಡೀನ್ ಮೀನು. ಗಂಗೊಳ್ಳಿಯ ಹೊಳೆಯಲ್ಲಿ ಅಜ್ಜ ಬೀಸುತ್ತಿದ್ದದ್ದೂ ಹೀಗೇ, ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದದ್ದೂ ಹಾಗೇ. ಅದನ್ನು ಹೇಳಿದ ಮೇಲೆ ಕ್ಯಾಪ್ಟನ್ ನನ್ನನ್ನು ಬರೀ ಗಿರಾಕಿಯಾಗಿ ನೋಡುವುದನ್ನು ಬಿಟ್ಟರು. ಆ ಮೀನುಗಳನ್ನು ತೊಟ್ಟಿಗೆ ಸುರಿಯುವುದು, ಕೈಬಿಟ್ಟು ಹಿಡಿಯುವುದು, ಸುತ್ತ ನೆರೆಯುವ ಪೆಲಿಕನ್ ಹಕ್ಕಿಗಳನ್ನು ಬೈದು ಓಡಿಸುವುದು ಎಲ್ಲ ಮಕ್ಕಳ ಪಾಲು. ಗಾಳ ಹಾಕುವ ಮುನ್ನವೇ ಅವರ ಕೈಗೆ ಮೀನಿನ ವಾಸನೆ ಹತ್ತಿರುತ್ತದೆ, ಅಂಜಿಕೆ ಅರ್ಧ ಬಿಟ್ಟಿರುತ್ತದೆ.

ಗಾಳದ ಕೆಲಸವನ್ನು ಕಾಂಡ್ಲಾ ಗಿಡಗಳ ಅಂಚಿನಲ್ಲೋ ಹಳೆಯ ಕಟ್ಟೆಯ ಕಂಬಗಳ ಬಳಿಯೋ ಶುರು ಮಾಡುತ್ತೇವೆ. ಪಿನ್‌ಫಿಶ್ ಜೊತೆ ಅಲ್ಲಿ ಮ್ಯಾಂಗ್ರೋವ್ ಸ್ನ್ಯಾಪರ್ ಇರುತ್ತದೆ, ನಮ್ಮ ಕೆಂಬೇರಿಯ ದಾಯಾದಿ. ಕ್ಯಾಪ್ಟನ್‌ಗಳ ಏಳಡಿಯ ಕೋಲು ಸಣ್ಣ ಮಕ್ಕಳಿಗೆ ಉದ್ದವಾಗುತ್ತದೆ, ಗಿಡ್ಡ ಕೋಲು, ಹಗುರ ರೀಲು ಇದೆಯೇ ಎಂದು ಕೇಳಿಟ್ಟುಕೊಳ್ಳಬೇಕು. ಎಂಟು ವರ್ಷದ ಒಳಗಿನವರಿಗೆ ಎಸೆಯುವುದನ್ನು ಕಲಿಸುವ ಗೋಜಿಗೆ ನಾನು ಹೋಗುವುದಿಲ್ಲ. ಕ್ಯಾಪ್ಟನ್ ಎಸೆದು ಕೋಲನ್ನು ಕೈಗೆ ಕೊಡಲಿ. ಮೀನು ಎಳೆಯುವುದು ಅಂಗೈಗೆ ಗೊತ್ತಾಗುವುದೇ ಮುಖ್ಯ. ಸ್ವಲ್ಪ ದೊಡ್ಡವರಿಗೆ ಬೆಂಡು ಕಟ್ಟಿಕೊಟ್ಟರೆ ಒಳ್ಳೆಯದು. ಇಲ್ಲಿನ ಬೆಂಡನ್ನು ಜಗ್ಗಿದರೆ 'ಗ್ಲಪ್' ಎಂದು ಸದ್ದು ಮಾಡುತ್ತದೆ, ಆ ಸದ್ದಿಗೆ ಸೀ ಟ್ರೌಟ್ ಮೀನು ಬರುತ್ತದೆ. ಜಗ್ಗುವುದೂ ಒಂದು ಕೆಲಸವಾದ್ದರಿಂದ ಸುಮ್ಮನೆ ಕೂರುವ ಪ್ರಸಂಗವಿಲ್ಲ.

ಕೊಕ್ಕೆ ಮಾತ್ರ ವೃತ್ತಾಕಾರದ್ದೇ ಆಗಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅದರ ತುದಿ ಒಳಮುಖವಾಗಿ ಬಾಗಿರುತ್ತದೆ. ಮೀನು ಕಚ್ಚಿ ತಿರುಗಿದಾಗ ಕೊಕ್ಕೆ ತಾನಾಗಿ ಜಾರಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಗಂಟಲಿಗೆ ಇಳಿಯುವುದು ಕಡಿಮೆ. ಫಕ್ಕನೆ ಎಳೆದರೆ ಮೀನು ತಪ್ಪಿಹೋಗುತ್ತದೆ. ಎಳೆಯದೆ ರೀಲು ಸುತ್ತುತ್ತಾ ಹೋದರೆ ಸಿಗುತ್ತದೆ. ಅಭ್ಯಾಸಬಲದಿಂದ ಎಳೆಯುವ ದೊಡ್ಡವರಿಗಿಂತ ಏನೂ ಗೊತ್ತಿಲ್ಲದ ಮಕ್ಕಳಿಗೆ ಹೆಚ್ಚು ಮೀನು ಸಿಗುವ ಗುಟ್ಟು ಇದು. ಮಗಳ ಗಾಳಕ್ಕೆ ಒಮ್ಮೆ ಜ್ಯಾಕ್ ಕ್ರೆವಾಲ್ ಬಿತ್ತು, ಎರಡು ಸೇರು ತೂಗದ ಮೀನು ದೋಣಿಗೆ ಸುತ್ತು ಹಾಕಿಸಿತು. ಅವಳು ಅತ್ತಳು, ಆದರೆ ಕೋಲು ಕೊಡು ಎಂದರೆ ಕೊಡಲಿಲ್ಲ. ಕ್ಯಾಪ್ಟನ್ ಸಹ ಕೈ ಹಾಕಲಿಲ್ಲ. ನಾನು ಅವರನ್ನೇ ಮತ್ತೆ ಮತ್ತೆ ಕರೆಯುವುದಕ್ಕೆ ಅದೊಂದೇ ಕಾರಣ ಸಾಕು.

ಅಪಾಯಗಳ ಬಗ್ಗೆ ನನ್ನ ಭಯ ಇರುವುದು ನೀರಿನಲ್ಲಲ್ಲ, ಕೊಕ್ಕೆಯಲ್ಲಿ. ಆರು ತುಂಬದ ಮಕ್ಕಳು 26 ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ ಲೈಫ್ ಜಾಕೆಟ್ ಹಾಕಿರಲೇಬೇಕೆಂದು ಇಲ್ಲಿನ ಕಾನೂನು. ನನ್ನ ಕಾನೂನಿನಲ್ಲಿ ಎಲ್ಲ ಮಕ್ಕಳಿಗೂ, ದೋಣಿ ನಿಂತಾಗಲೂ ಅದು ಕಡ್ಡಾಯ. ಆದರೆ ಗಾಳಿಯಲ್ಲಿ ತೂಗುವ ಕೊಕ್ಕೆಗೆ ಜಾಕೆಟ್ ಅಡ್ಡ ಬರುವುದಿಲ್ಲ. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಇರಲೇಬೇಕು. ಒಬ್ಬರು ಎಸೆಯುವಾಗ ಉಳಿದವರು ಕೂತಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಎರಡನೆಯದು ಹಾರ್ಡ್‌ಹೆಡ್ ಕ್ಯಾಟ್‌ಫಿಶ್, ನಮ್ಮ ಶೇಡೆಯ ಬಳಗದ್ದು. ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳಲ್ಲಿ ಗರಗಸದಂಥ ವಿಷದ ಮುಳ್ಳು. ಮೀಸೆ ಕಂಡರೆ ಕೈ ಹಿಂದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ದಿಬ್ಬದ ಮೇಲೆ ಇಳಿದಾಗ ಕಾಲೆತ್ತಿ ನಡೆಯದೆ ಮರಳಿನಲ್ಲಿ ಎಳೆಯುತ್ತಾ ನಡೆಯಬೇಕು, ಹೂತುಕೊಂಡ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಕಂಪನಕ್ಕೆ ಎದ್ದು ಹೋಗುತ್ತದೆ. ಪೆಲಿಕನ್‌ಗೆ ಕೊಕ್ಕೆ ಸಿಕ್ಕಿದರೆ ಗಾಬರಿಯಿಂದ ದಾರ ಕತ್ತರಿಸಬಾರದು: ಉದ್ದನೆಯ ದಾರದೊಂದಿಗೆ ಹಾರಿದ ಹಕ್ಕಿ ಗಿಡಕ್ಕೆ ಸುತ್ತಿಕೊಂಡು ಸಾಯುತ್ತದೆ. ಮೆಲ್ಲಗೆ ಎಳೆದು ತಂದು, ತಲೆಗೆ ಟವೆಲ್ ಮುಚ್ಚಿ, ಕೊಕ್ಕೆ ಬಿಡಿಸಬೇಕು. ಇಂಥ ಸಾವುಗಳು ಹೆಚ್ಚಾದದ್ದರಿಂದಲೇ 2023ರಲ್ಲಿ ಕೊಲ್ಲಿಯ ಬಾಯಲ್ಲಿರುವ ಸ್ಕೈವೇ ಸೇತುವೆಯ ಪಕ್ಕದ ಗಾಳದ ಕಟ್ಟೆಯಲ್ಲಿ ನಿಯಮಗಳನ್ನು ಬಿಗಿಗೊಳಿಸಿದರು.

ಈಗ ಅಮ್ಮನ ಪ್ರಶ್ನೆ. ಅದನ್ನು ದೋಣಿಯಲ್ಲಿ ಮತ್ತೆ ಎತ್ತಿದ್ದು ನಮ್ಮ ಜೊತೆ ಬಂದ ಮೈಸೂರಿನ ಸಸ್ಯಾಹಾರಿ ಮನೆಯ ಒಂಬತ್ತು ವರ್ಷದ ಹುಡುಗಿ: "ಮೀನಿಗೆ ನೋಯುವುದಿಲ್ಲವೇ?" ಕ್ಯಾಪ್ಟನ್ ಏನೋ ಸಮಾಧಾನ ಹೇಳಲು ಬಾಯಿ ತೆರೆದರು, ನಾನು ತಡೆದೆ. ನೋಯಬಹುದು ಎಂದೆ. ಮೀನಿನ ನೋವಿನ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ವಾದವಿದೆ, ಮಕ್ಕಳ ಮುಂದೆ ನಾವು ತೀರ್ಪು ಕೊಡಬಾರದು. ನೋಯಬಹುದು ಎಂದುಕೊಂಡೇ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇವೆ, ಒಣ ಕೈ ತಾಗಿದರೆ ಮೈಯ ಲೋಳೆ ಕಿತ್ತುಹೋಗುತ್ತದೆ ಎಂದು ಕೈ ಒದ್ದೆ ಮಾಡಿಕೊಳ್ಳುತ್ತೇವೆ, ಫೋಟೊಗೆಂದು ಹಿಡಿದು ನಿಲ್ಲುವುದಿಲ್ಲ. ಅವಳು ಯೋಚಿಸಿ, ತಾನು ಗಾಳ ಹಾಕುವುದಿಲ್ಲ, ಬಿಡುವ ಕೆಲಸ ತನಗಿರಲಿ ಎಂದಳು. ಅಂದಿನ ಪ್ರತಿ ಮೀನೂ ಅವಳ ಕೈಯಿಂದಲೇ ನೀರಿಗೆ ಹೋಯಿತು, ತಲೆ ಮುಂದಾಗಿ, ಬಾಲ ಆಡುವವರೆಗೆ ಹಿಡಿದು. ಒಂದನ್ನು ಬಿಟ್ಟ ಕ್ಷಣದಲ್ಲೇ ಡಾಲ್ಫಿನ್ ಬಂದು ನುಂಗಿದ್ದರಿಂದ ಕ್ಯಾಪ್ಟನ್ ಮರುಮಾತಿಲ್ಲದೆ ದೋಣಿಯನ್ನು ಬೇರೆ ಕಡೆಗೆ ಒಯ್ದರು.

ತಿನ್ನಲು ಇಟ್ಟುಕೊಳ್ಳುವುದನ್ನು ನಾನು ವಿರೋಧಿಸುವುದಿಲ್ಲ, ವಿರೋಧಿಸಿದರೆ ಗಂಗೊಳ್ಳಿಗೆ ಕಾಲಿಡುವಂತಿಲ್ಲ. ಆದರೆ ಅಳತೆಯ ಕೋಲು ಮಕ್ಕಳ ಕೈಯಲ್ಲಿರುತ್ತದೆ. ಸ್ನ್ಯಾಪರ್ ಹತ್ತು ಇಂಚು ದಾಟಿರಬೇಕು. ರೆಡ್‌ಫಿಶ್ 18ಕ್ಕಿಂತ ಕಡಿಮೆ ಇದ್ದರೂ ಬಿಡಬೇಕು, 27 ದಾಟಿದರೂ ಬಿಡಬೇಕು. ದೊಡ್ಡದನ್ನು ಯಾಕೆ ಬಿಡಬೇಕೆಂದು ಮಗ ಜಗಳಕ್ಕೇ ನಿಂತ. ಮೊಟ್ಟೆಯಿಡುವುದು ದೊಡ್ಡವೇ ಎಂದು ತಿಳಿದ ಮೇಲೆ ಅವನೇ ನ್ಯಾಯಾಧೀಶ. ಸ್ನೂಕ್‌ಗೆ ಬೇಸಿಗೆ, ಚಳಿಗಾಲ ಎರಡರಲ್ಲೂ ನಿಷೇಧದ ತಿಂಗಳುಗಳಿವೆ. ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ಹಿಂದಿನ ದಿನ ರಾಜ್ಯದ ವನ್ಯಜೀವಿ ಆಯೋಗದ ಪುಟ ನೋಡಿಕೊಳ್ಳಬೇಕು. ಉಳಿದ ಒಂದೆರಡು ಸ್ನ್ಯಾಪರ್‌ಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಸೆ ಅರೆದು ಹಾಕಿದರೆ ಅಟ್ಲಾಂಟಿಕ್ ಮೀನು ಎಂದು ಯಾರೂ ಹೇಳಲಾರರು.

ಬುತ್ತಿಗೆ ಚಿತ್ರಾನ್ನ, ಚಕ್ಕುಲಿ, ಬೇಕಾದಷ್ಟು ನೀರು. ಬಾಳೆಹಣ್ಣು ಬೇಡ: ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆ ಇಲ್ಲಿನ ಗಾಳಗಾರರಲ್ಲಿ ಗಟ್ಟಿ. ಯಾವ ಶುಭಕಾರ್ಯಕ್ಕೂ ಬಾಳೆ ಬಿಡದ ನಮಗೆ ಇದು ವಿಚಿತ್ರವೇ, ಆದರೆ ಅವರ ದೋಣಿ, ಅವರ ಶಾಸ್ತ್ರ. ಸಣ್ಣ ದೋಣಿಗಳಲ್ಲಿ ಶೌಚಾಲಯ ಇರುವುದಿಲ್ಲ, ನೆರಳೂ ಕಡಿಮೆ. ಎರಡನ್ನೂ ಬುಕ್ ಮಾಡುವಾಗಲೇ ಕೇಳಿ. ಅರ್ಧ ದಿನಕ್ಕೆ ನಾವು ಕೊಡುವುದು ಐದಾರು ನೂರು ಡಾಲರ್, ಅದರ ಮೇಲೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಟಿಪ್. ಇಷ್ಟು ಕೊಟ್ಟ ಮೇಲೆ ನಾಲ್ಕು ಗಂಟೆಯನ್ನೂ ವಸೂಲು ಮಾಡಬೇಕೆಂಬ ಆಸೆ ಸಹಜ. ಮಕ್ಕಳು ಸಾಕು ಎಂದಾಗ ಎರಡೂವರೆ ಗಂಟೆಯೇ ಆಗಿರಲಿ, ನಾನು ದೋಣಿ ತಿರುಗಿಸಿ ಎನ್ನುತ್ತೇನೆ. ಮುಂದಿನ ಸಲ ಹೋಗೋಣವೇ ಎಂದು ಅವರಾಗಿಯೇ ಕೇಳುವುದು ಹಾಗೆ ಬೇಗ ಬಂದ ದಿನಗಳಲ್ಲೇ.